ದೋರಸಮುದ್ರವನ್ನು ನಡೆದು ನೋಡಲು ಬಿಡಿ: ಹಾಸನ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಹಾಸನ ಜಿಲ್ಲಾಡಳಿತ, ಪ್ರವಾಸೋದ್ಯಮ ಇಲಾಖೆ, ಪುರಾತತ್ವ ಸರ್ವೇಕ್ಷಣ ಇಲಾಖೆ ಮತ್ತು ಹಳೇಬೀಡಿನ ಸಮಸ್ತರಿಗೆ,

ಮಾನ್ಯರೇ,

ಹಳೇಬೀಡಿಗೆ ಬರುವ ಟೂರಿಸ್ಟ್ ಗಾಡಿಗಳ ದಿನಚರಿ ನಮ್ಮ ಜಿಲ್ಲೆಯವರಿಗೆಲ್ಲ ಬಾಯಿಪಾಠ. ಬೆಳಿಗ್ಗೆ ಬೇಲೂರು, ಊಟದ ಹೊತ್ತಿಗೆ ಹಳೇಬೀಡು, ಕತ್ತಲಾಗುವುದರೊಳಗೆ ಚಿಕ್ಕಮಗಳೂರಿನ ಹೋಂಸ್ಟೇ. "ಮುಕ್ಕಾಲು ಗಂಟೆ ಸಾಕಲ್ವಾ ಸಾರ್?" ಅಂತ ಡ್ರೈವರ್ ಕೇಳುತ್ತಾನೆ, ಸಾಕು ಬಿಡಪ್ಪ ಅಂತ ಇವರೂ ಅನ್ನುತ್ತಾರೆ. ಚಪ್ಪಲಿ ಬಿಟ್ಟು, ಕಾದ ಕಲ್ಲಿನ ಮೇಲೆ ಹೆಜ್ಜೆ ಕಿತ್ತಿಡುತ್ತ ಹೊಯ್ಸಳೇಶ್ವರನಿಗೆ ಒಂದು ಸುತ್ತು, ನಂದಿಯ ಮುಂದೆ ಒಂದು ಫೋಟೊ, ಹೊರಗೆ ಬಂದು ಎಳನೀರು, ಅಲ್ಲಿಗೆ ಮುಗಿಯಿತು. ಗಾಡಿ ಹತ್ತಿದವರೆಲ್ಲ ಹಳೇಬೀಡು ನೋಡಿದೆವು ಎಂದೇ ನಂಬಿರುತ್ತಾರೆ. ಅವರು ನೋಡಿದ್ದು ಒಂದು ದೇವಸ್ಥಾನ. ಊರನ್ನು ನೋಡಲೇ ಇಲ್ಲ.

ನಾನು ಊರು ಅನ್ನುತ್ತಿರುವುದು ದೋರಸಮುದ್ರವನ್ನು. ಇವತ್ತಿನ ಹಳೇಬೀಡೇ ಅಂದಿನ ದೋರಸಮುದ್ರ, ಹೊಯ್ಸಳರ ರಾಜಧಾನಿ. 1311ರಲ್ಲಿ ಮಲಿಕ್ ಕಾಫರನ ದಂಡು ಬಂತು, 1327ರ ಹೊತ್ತಿಗೆ ತುಘಲಕ್ ಸೈನ್ಯ ಮತ್ತೊಮ್ಮೆ ಬಂತು, ಮೂರನೆಯ ಬಲ್ಲಾಳ ತಿರುವಣ್ಣಾಮಲೈ ಕಡೆ ನೆಲೆ ಬದಲಿಸಿದ. ರಾಜಧಾನಿಯೆಂಬ ಪಟ್ಟ ಹೋಯಿತು, ನೆಲ ಎಲ್ಲಿಗೂ ಹೋಗಲಿಲ್ಲ. ಕೋಟೆಯ ಗೋಡೆ ಇದೆ, ಕೆರೆ ಇದೆ, ಬಸದಿಗಳಿವೆ, ಸಣ್ಣ ಸಣ್ಣ ಗುಡಿಗಳಿವೆ, ಮೆಟ್ಟಿಲುಗಳ ಪುಷ್ಕರಣಿ ಇದೆ, ಅಗೆದು ತೆಗೆದ ಅಡಿಪಾಯಗಳಿವೆ. ಇವುಗಳ ನಡುವೆಯೇ ರಾಗಿ, ಮುಸುಕಿನ ಜೋಳ, ಶುಂಠಿ ಬೆಳೆದುಕೊಂಡು ಜನ ಬದುಕುತ್ತಿದ್ದಾರೆ. ಒಂದು ದಿನ ಬಿಡುವು ಮಾಡಿಕೊಂಡರೆ ಬಹುಪಾಲನ್ನು ಕಾಲ್ನಡಿಗೆಯಲ್ಲೇ ನೋಡಬಹುದು. ಬೇರೆ ದೇಶಗಳಲ್ಲಿ ಇಂಥ ಊರಿಗೆ ಜನ ಎರಡು ರಾತ್ರಿ ಉಳಿಯುವ ಲೆಕ್ಕದಲ್ಲಿ ಬರುತ್ತಾರೆ. ನಮ್ಮಲ್ಲಿ ಮುಕ್ಕಾಲು ಗಂಟೆ.

2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಒಟ್ಟಾಗಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಭಾರತಕ್ಕೆ ಅದು 42ನೆಯ ತಾಣ. 2014ರಿಂದ ತಾತ್ಕಾಲಿಕ ಪಟ್ಟಿಯಲ್ಲಿ ಕಾದು ಕುಳಿತಿದ್ದಕ್ಕೆ ಕೊನೆಗೂ ಫಲ ಸಿಕ್ಕಿತು ಅಂತ ನಾವೆಲ್ಲ ಸಂಭ್ರಮಿಸಿದೆವು. ಅದರಲ್ಲಿ ತಪ್ಪೇನಿಲ್ಲ. ಆದರೆ ಹಳೇಬೀಡಿನಿಂದ ಪಟ್ಟಿಗೆ ಹೋದ ಹೆಸರು ಹೊಯ್ಸಳೇಶ್ವರನದು. ಹೀಗಾಗಿ ಎಲ್ಲರ ಕಣ್ಣೂ ಆ ಒಂದು ಕಾಂಪೌಂಡಿನ ಮೇಲೆಯೇ ನೆಟ್ಟಿದೆ. ಇನ್ನು ದುಡ್ಡು ಬರುತ್ತದೆ, ಯೋಜನೆಗಳು ಬರುತ್ತವೆ. ನನ್ನ ಭಯ ಇರುವುದೇ ಅಲ್ಲಿ. ಇನ್ನೂ ದೊಡ್ಡ ಪಾರ್ಕಿಂಗ್, ಸಿಮೆಂಟಿನ ಸ್ವಾಗತ ಕಮಾನು, ಸಂಜೆಗೆ ಬಣ್ಣದ ದೀಪ, ಸೆಲ್ಫಿಗೊಂದು ಕಟ್ಟೆ. ಬಂದ ಗಾಡಿ ಇನ್ನಷ್ಟು ಬೇಗ ತಿರುಗಿ ಹೋಗಲು ಬೇಕಾದ್ದೆಲ್ಲ ಆಗಿಬಿಡುತ್ತದೆ. ಈ ಪತ್ರದ ಅರಿಕೆ ಅದಕ್ಕೆ ಉಲ್ಟಾ. ಹಳೇಬೀಡಿನಲ್ಲಿ ದೊಡ್ಡದಾಗಿ ಏನನ್ನೂ ಕಟ್ಟಬೇಡಿ. ಅಲ್ಲಿ ನಡೆಯಲು ಅನುಕೂಲ ಮಾಡಿಕೊಡಿ, ಸಾಕು.

ನಡೆದರೆ ಏನು ಸಿಗುತ್ತದೆ ಎಂದು ಕೇಳುವವರಿದ್ದಾರೆ. ಹೇಳುತ್ತೇನೆ.

ಹೊಯ್ಸಳೇಶ್ವರದಲ್ಲೇ ಶುರು ಮಾಡೋಣ. ದೇವಸ್ಥಾನದ ಪಕ್ಕದಲ್ಲಿ ನಿಂತಿರುವ ಒಂದು ಕಂಬದ ಕಡೆ ಹೆಚ್ಚಿನವರು ತಿರುಗಿಯೂ ನೋಡುವುದಿಲ್ಲ. ಹತ್ತಿರ ಹೋಗಿ, ಬಗ್ಗಿ ನೋಡಿದರೆ ಕತ್ತಿಯಿಂದ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಕೆತ್ತನೆ ಕಾಣುತ್ತದೆ. ಅದು ಕುವರ ಲಕ್ಷ್ಮನ ಕಂಬ. ಈತ ಇಮ್ಮಡಿ ಬಲ್ಲಾಳನ ಗರುಡ, ಅಂದರೆ ದೊರೆಯ ಪ್ರಾಣವೇ ತನ್ನ ಪ್ರಾಣ ಎಂದು ಆಣೆ ಇಟ್ಟವನು. 1220ರಲ್ಲಿ ಬಲ್ಲಾಳ ತೀರಿಕೊಂಡಾಗ ಹೆಂಡತಿ ಸುಗ್ಗಲದೇವಿ ಮತ್ತು ತನ್ನ ಪರಿವಾರದ ವೀರರೊಂದಿಗೆ ಈತನೂ ಪ್ರಾಣ ಬಿಟ್ಟ. ಕಂಬದ ಮೇಲಿನ ಹಳಗನ್ನಡ ಶಾಸನ ಅದನ್ನೆಲ್ಲ ಹೇಳುತ್ತ ಹೋಗಿ ನಡುವೆಯೇ ನಿಂತುಬಿಡುತ್ತದೆ. ಮುಗಿದಿಲ್ಲ. ಯಾಕೆ ಮುಗಿದಿಲ್ಲ ಎಂದು ನನ್ನ ವಿದ್ಯಾರ್ಥಿಗಳು ಪ್ರತಿ ಸಲ ಕೇಳುತ್ತಿದ್ದರು. ಇಷ್ಟು ದೊಡ್ಡ ದೇವಾಲಯದ ಗೋಡೆಗಳೆದುರು ನಿಂತು ಏನನ್ನೂ ಕೇಳದ ಮಕ್ಕಳು ಈ ಒಂದು ಕಂಬದ ಹತ್ತಿರ ಬಾಯಿ ಬಿಡುತ್ತಿದ್ದರು. ಇತಿಹಾಸದ ಮೇಷ್ಟ್ರಿಗೆ ಅದಕ್ಕಿಂತ ಇನ್ನೇನು ಬೇಕು?

ಅಲ್ಲಿಂದ ಬಸ್ತಿಹಳ್ಳಿಗೆ ನಿಧಾನಕ್ಕೆ ನಡೆದರೂ ಹೆಚ್ಚು ಹೊತ್ತು ಬೇಡ. ಒಂದೇ ಆವರಣದಲ್ಲಿ ಮೂರು ಬಸದಿ: ಪಾರ್ಶ್ವನಾಥ, ಆದಿನಾಥ, ಶಾಂತಿನಾಥ. ಹೊರಗಿನಿಂದ ನೋಡಿದರೆ ಏನೂ ಇಲ್ಲ ಅನ್ನಿಸುತ್ತದೆ, ಹೊಯ್ಸಳೇಶ್ವರನ ಗೋಡೆ ನೋಡಿ ಬಂದ ಕಣ್ಣಿಗೆ ಇವು ತೀರಾ ಬೋಳು. ಒಳಗೆ ಹೋಗಬೇಕು. ಪಾರ್ಶ್ವನಾಥ ಬಸದಿಯ ನವರಂಗದ ಕಂಬಗಳು ತಿರುಗಣಿಗೆ ಹಾಕಿ ಕಡೆದಂಥವು. ಎಂಟುನೂರ ತೊಂಬತ್ತು ವರ್ಷ ದಾಟಿದರೂ ಮೆರುಗು ಮಾಸಿಲ್ಲ. ಹತ್ತಿರ ನಿಂತರೆ ಬಾಗಿಲ ಬೆಳಕಿನ ಜೊತೆ ನಿಮ್ಮದೇ ಮುಖ ಕಪ್ಪು ಕಲ್ಲಿನಲ್ಲಿ ಕಾಣುತ್ತದೆ, ಸ್ವಲ್ಪ ಉದ್ದಕ್ಕೆ ಎಳೆದ ಹಾಗೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಹಿಂದೆ ನಿಂತವರೂ ಅದರೊಳಗೆ ಬಂದು ಸೇರಿಕೊಳ್ಳುತ್ತಾರೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿಕೊಳ್ಳುತ್ತ ಗಟ್ಟಿಯಾಗುತ್ತದೆ. ಹೊಯ್ಸಳ ಶಿಲ್ಪಿಗಳು ಈ ಗುಣವನ್ನು ಚೆನ್ನಾಗಿ ಬಲ್ಲವರು.

ಈ ಬಸದಿಗೊಂದು ಕಥೆಯಿದೆ, ಶಾಸನದಲ್ಲೇ ಇರುವ ಕಥೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತೀರಿಕೊಂಡ ಮೇಲೆ ಅವನ ಮಗ ಬೊಪ್ಪದೇವ ತಂದೆಯ ನೆನಪಿಗೆ 1133ರಲ್ಲಿ ಇದನ್ನು ಕಟ್ಟಿಸಿದ. ಪ್ರತಿಷ್ಠೆ ಮುಗಿಸಿ ಪೂಜಾರಿಗಳು ಪ್ರಸಾದ ಹಿಡಿದುಕೊಂಡು ಬಂಕಾಪುರದಲ್ಲಿದ್ದ ದೊರೆಯ ಹತ್ತಿರ ಹೋದರು. ದೊರೆ ಆಗಷ್ಟೇ ಮಸಣನೆಂಬ ಶತ್ರುವನ್ನು ಗೆದ್ದಿದ್ದ, ರಾಣಿ ಲಕ್ಷ್ಮಾದೇವಿಗೆ ಗಂಡುಮಗುವೂ ಆಗಿತ್ತು. ಗೆಲುವು, ಮಗು, ಪ್ರಸಾದ ಮೂರೂ ಒಟ್ಟಿಗೆ. ದೇವರಿಗೆ ವಿಜಯಪಾರ್ಶ್ವ ಎಂದೂ ಮಗನಿಗೆ ವಿಜಯ ನರಸಿಂಹ ಎಂದೂ ಹೆಸರಿಟ್ಟುಬಿಟ್ಟ. ಆ ಮಗುವೇ ಮುಂದೆ ಒಂದನೆಯ ನರಸಿಂಹನಾಗಿ ಪಟ್ಟಕ್ಕೆ ಬಂದದ್ದು. ಅವನ ಮಗ ಇಮ್ಮಡಿ ಬಲ್ಲಾಳನಿಂದ ಕವಿಚಕ್ರವರ್ತಿ ಎನ್ನಿಸಿಕೊಂಡ ಜನ್ನ ಇದೇ ವಿಜಯಪಾರ್ಶ್ವನ ಬಸದಿಗೆ ಮಹಾದ್ವಾರ ಕಟ್ಟಿಸಿದನೆಂದು ನಮ್ಮ ಸಾಹಿತ್ಯ ಚರಿತ್ರೆಗಳು ಹೇಳುತ್ತವೆ. ಪಠ್ಯಪುಸ್ತಕದಲ್ಲಿ ಜನ್ನನನ್ನು ಓದುವ ಪಿಯುಸಿ ಹುಡುಗಿಯನ್ನು ಇಲ್ಲಿ ತಂದು ನಿಲ್ಲಿಸಿ, ಪದ್ಯ ಬರೆದವನು ಓಡಾಡಿದ ಜಾಗ ಇದಮ್ಮ ಅಂದು ನೋಡಿ. ಹಳಗನ್ನಡ ಕಷ್ಟ ಅನ್ನುವ ಗೋಳು ಅರ್ಧ ಕಡಿಮೆಯಾಗುತ್ತದೆ. ಇದು ನಾನು ಕಣ್ಣಾರೆ ಕಂಡ ಮಾತು.

ಇನ್ನೂ ಮುಂದೆ ಹೋದರೆ ಕೇದಾರೇಶ್ವರ. ಇಮ್ಮಡಿ ಬಲ್ಲಾಳ ಮತ್ತು ರಾಣಿ ಕೇತಲದೇವಿ ಸುಮಾರು 1219ರಲ್ಲಿ ಕಟ್ಟಿಸಿದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಗೋಪುರದ ಮೇಲೆ ಮರವೊಂದು ಬೇರು ಬಿಟ್ಟು ಕಟ್ಟಡವನ್ನೇ ಸೀಳಿತು. ಈಗ ನಮಗೆ ಕಾಣುವುದು ಬಿದ್ದುಹೋದಮೇಲೆ ಜೋಡಿಸಿ ಉಳಿಸಿಕೊಂಡ ರೂಪ. ಹೊಯ್ಸಳೇಶ್ವರದಲ್ಲಿ ಜನರ ಭುಜದ ಸಂದಿಯಿಂದ ಇಣುಕಿ ನೋಡಬೇಕಾದ ಆನೆಸಾಲು, ಕುದುರೆಸಾಲು, ಬಳ್ಳಿಸಾಲುಗಳನ್ನು ಇಲ್ಲಿ ಹುಲ್ಲಿನ ಮೇಲೆ ಕೂತು ಸಾವಧಾನವಾಗಿ ನೋಡಬಹುದು. ನನ್ನನ್ನು ಕೇಳಿದರೆ ಶಿಲ್ಪ ನೋಡುವುದನ್ನು ಕಲಿಯಬೇಕಾದವರು ಮೊದಲು ಇಲ್ಲಿಗೇ ಬರಬೇಕು, ಹೊಯ್ಸಳೇಶ್ವರಕ್ಕೆ ಆಮೇಲೆ.

ಕೆರೆ ಏರಿ, ನಗರೇಶ್ವರದಲ್ಲಿ ಮಣ್ಣಿನ ದಿಬ್ಬ ಅಗೆದು ತೆಗೆದ ದೇವಾಲಯಗಳ ಪಾಯ, ಬೆಣ್ಣೆಗುಡ್ಡ, ಪೊದೆಗಳ ನಡುವೆ ಎದ್ದು ಮತ್ತೆ ಮರೆಯಾಗುವ ಕೋಟೆಯ ಗೋಡೆ, ಊರೊಳಗಿನ ವೀರಭದ್ರ, ಗುಡ್ಲೇಶ್ವರದಂಥ ಗುಡಿಗಳು, ಇವನ್ನೆಲ್ಲ ಒಂದೊಂದಾಗಿ ಬಣ್ಣಿಸುತ್ತ ಕೂರುವುದಿಲ್ಲ. ಹುಳಿಕೆರೆಯ ಪುಷ್ಕರಣಿಯ ಬಗ್ಗೆ ಮಾತ್ರ ಒಂದು ಮಾತು. ಹಳೇಬೀಡಿನಿಂದ ಎರಡು-ಮೂರು ಕಿಲೋಮೀಟರ್. ಹಳ್ಳಿಯೊಳಗೆ ಇದ್ದಕ್ಕಿದ್ದಂತೆ ನೆಲ ಮೆಟ್ಟಿಲಾಗಿ ಇಳಿಯುತ್ತದೆ, ಸುತ್ತಲೂ ಪುಟ್ಟ ಪುಟ್ಟ ಗುಡಿಗಳು, ತಳದಲ್ಲಿ ಹಸಿರು ನೀರು. ಹೊಯ್ಸಳರು ಕಲ್ಲಿನಲ್ಲಿ ಮಾಡಿದ ಕೆಲಸಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ. ಹಳೇಬೀಡಿಗೆ ಬಂದವರಲ್ಲಿ ನೂರಕ್ಕೆ ಎಷ್ಟು ಜನ ಅಲ್ಲಿವರೆಗೆ ಹೋಗುತ್ತಾರೆ ಎಂಬುದನ್ನು ನಿಮ್ಮ ಊಹೆಗೆ ಬಿಡುತ್ತೇನೆ.

ಈ ಸ್ಮಾರಕಗಳ ನಡುವಿನ ದಾರಿಯೂ ನೋಡಬೇಕಾದ್ದೇ. ಅರಳಿಕಟ್ಟೆಯ ಕೆಳಗೆ ಅರಿಶಿನ ಕುಂಕುಮ ಮೆತ್ತಿಸಿಕೊಂಡ ವೀರಗಲ್ಲು. ಯಾರದೋ ಹಿತ್ತಲ ಬಾಗಿಲಿಗೆ ಮೆಟ್ಟಿಲಾಗಿ ಬಿದ್ದಿರುವ ಹೂಬಳ್ಳಿಯ ಪಟ್ಟಿಕೆ, ಅದರ ಮೇಲೆ ಒಣಗಲು ಇಟ್ಟ ಪಾತ್ರೆಗಳು. ಜಗಲಿಯಲ್ಲಿ ಕೂತ ಅಜ್ಜಿ "ಯಾವೂರಪ್ಪ ನಿಮ್ದು, ನೀರು ಬೇಕಾ?" ಅಂತ ಕೇಳುತ್ತಾರೆ. ಗಾಡಿಯಲ್ಲಿ ಕಿಟಕಿ ಏರಿಸಿಕೊಂಡು ಹೋಗುವವರನ್ನು ಯಾರೂ ಹಾಗೆ ಕೇಳುವುದಿಲ್ಲ.

ಈಗ ಬೇಕಾದ್ದೇನು ಎಂಬುದಕ್ಕೆ ಬರುತ್ತೇನೆ.

ಮೊದಲನೆಯದು ದಾರಿ. ಹೊಯ್ಸಳೇಶ್ವರದಿಂದ ಬಸ್ತಿಹಳ್ಳಿ, ಅಲ್ಲಿಂದ ಕೇದಾರೇಶ್ವರದವರೆಗೆ ರಸ್ತೆಯ ಒಂದು ಬದಿಯಲ್ಲಿ ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲದ ಕಾಲುದಾರಿ ಸಾಕು. ಇಂಟರ್‌ಲಾಕ್ ಹಾಸಬೇಡಿ, ಬಿಸಿಲಿಗೆ ಕಾದು ಕಾಲು ಸುಡುತ್ತದೆ. ಗಟ್ಟಿಸಿದ ಮಣ್ಣು, ಪಕ್ಕದಲ್ಲಿ ಹೊಂಗೆ, ನೇರಳೆ, ಬೇವು. ಗಿಡ ನೆಟ್ಟು ಫೋಟೊ ತೆಗೆಸಿಕೊಂಡರೆ ಆಗಲಿಲ್ಲ, ಮೂರು ಬೇಸಿಗೆ ನೀರು ಹಾಕುವವರನ್ನೂ ನೇಮಿಸಬೇಕು. ನಡುವೆ ಒಂದು ಕಡೆ ಕುಡಿಯುವ ನೀರು, ಹೆಣ್ಣುಮಕ್ಕಳು ಮೂಗು ಮುಚ್ಚಿಕೊಳ್ಳದೆ ಹೋಗಬಹುದಾದ ಶೌಚಾಲಯ. ನಡೆಯಲಾಗದ ಹಿರಿಯರಿಗೆ, ಅಂಗವಿಕಲರಿಗೆ ಬ್ಯಾಟರಿ ಗಾಡಿ ಇರಲಿ, ಉಳಿದವರು ನಡೆಯಲಿ. ಗಾಡಿಗಳನ್ನೆಲ್ಲ ಒಂದೇ ಕಡೆ ನಿಲ್ಲಿಸಿ. ಸ್ಮಾರಕದಿಂದ ಸ್ಮಾರಕಕ್ಕೆ ಕಾರಿನಲ್ಲಿ ಹೋಗಿ ಇಳಿಯುವ ಅಭ್ಯಾಸ ತಪ್ಪಿದರೆ ಅರ್ಧ ಕೆಲಸ ಆದ ಹಾಗೆ.

ಫಲಕಗಳು ಬೇಕು, ಆದರೆ ಗ್ರಾನೈಟ್ ಮೇಲೆ ಚಿನ್ನದ ಬಣ್ಣದಲ್ಲಿ ಉದ್ಘಾಟಿಸಿದವರ ಹೆಸರು ಕೊರೆಯುವ ಫಲಕವಲ್ಲ. ಮೊಣಕಾಲೆತ್ತರದ ಕಲ್ಲು, ಬಾಣದ ಗುರುತು, ಕನ್ನಡದಲ್ಲಿ ಎರಡು ಸಾಲು, ಅದರ ಕೆಳಗೆ ಇಂಗ್ಲಿಷು, ಹಿಂದಿ. ಕುವರ ಲಕ್ಷ್ಮನ ಕಂಬದ ಹತ್ತಿರ ಅವನ ಶಾಸನದ ನಾಲ್ಕು ಸಾಲನ್ನು ಹೊಸಗನ್ನಡದಲ್ಲಿ ಹಾಕಿದರೆ ಮಕ್ಕಳು ನಿಂತು ಓದುತ್ತಾರೆ. ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲೇ ಅಚ್ಚು ಹಾಕಿಸಿದ್ದರು. ನೂರಿಪ್ಪತ್ತು ವರ್ಷದ ಮೇಲೂ ಅವು ಲೈಬ್ರರಿಯ ಬೀರುವಿನಲ್ಲೇ ಇವೆ. ಕಲ್ಲಿದ್ದ ಜಾಗಕ್ಕೆ ಅರ್ಥವನ್ನು ವಾಪಸ್ಸು ತಂದು ಇಡುವುದಕ್ಕೆ ಕೋಟಿಗಟ್ಟಲೆ ಬೇಕಿಲ್ಲ.

ಇನ್ನು ಗೈಡುಗಳು. ಅನುಭವಿ ಗೈಡುಗಳ ಬಗ್ಗೆ ನನಗೆ ಗೌರವವಿದೆ, ಅವರಿಂದ ನಾನೂ ಕಲಿತಿದ್ದೇನೆ. ಆದರೆ ಈಚೆಗೆ ಯೂಟ್ಯೂಬಿನ ಕೃಪೆಯಿಂದ ಒಂದು ಪಿಡುಗು ಹಬ್ಬಿದೆ. ಈ ಕಂಬಗಳನ್ನು ಯಾವುದೋ ಮಾಯವಾದ ಯಂತ್ರದಿಂದ ಕಡೆದರಂತೆ, ಬೇರೆ ಲೋಕದವರು ಬಂದಿದ್ದರಂತೆ. ಅದನ್ನು ನೋಡಿಕೊಂಡು ಬಂದವರು ಗೋಡೆಯ ಮೇಲೆ ರಾಕೆಟ್ ಹುಡುಕುತ್ತಾರೆ. ಇದೇ ಗೋಡೆಯ ಮೇಲೆ ಬಲ್ಲಣ, ಬೋಚಣ, ಕೇತಣ ಎಂದು ಕೆಲಸ ಮಾಡಿದವರು ತಮ್ಮ ಹೆಸರನ್ನೇ ಕೊರೆದಿಟ್ಟು ಹೋಗಿದ್ದಾರೆ. ಕಡೆದವರು ಸಹಿ ಹಾಕಿ ಹೋಗಿರುವಾಗ ಆ ಕೀರ್ತಿಯನ್ನು ಆಕಾಶದವರಿಗೆ ಕೊಡುವುದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಹಳೇಬೀಡು, ಬಸ್ತಿಹಳ್ಳಿ, ಹುಳಿಕೆರೆಯ ಹುಡುಗ ಹುಡುಗಿಯರನ್ನೇ ಆರಿಸಿ, ಶಾಸನ ಓದಲು ಬಲ್ಲವರಿಂದ ಕೆಲವು ತಿಂಗಳು ತರಬೇತಿ ಕೊಡಿಸಿ. ಬೆಳಿಗ್ಗೆ ಒಂದು, ಸಂಜೆ ಒಂದು ನಡಿಗೆ. ತಮ್ಮ ಓಣಿಯ ಕಥೆಯನ್ನು ತಾವೇ ಹೇಳುವ ಕೆಲಸಕ್ಕೆ ಅವರು ಬೆಂಗಳೂರಿಗೆ ಬಸ್ಸು ಹತ್ತಬೇಕಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಊರಿನವರ ಮಾತು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯ. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಇದು. ನಿಯಮ ಬೇಕು, ಇಲ್ಲದಿದ್ದರೆ ಹೊಯ್ಸಳೇಶ್ವರನ ಬೆನ್ನಿಗೇ ನಾಲ್ಕು ಮಹಡಿಯ ಲಾಡ್ಜು ಎದ್ದಿರುತ್ತಿತ್ತು. ಆದರೆ ಸೋರುವ ಸೂರು ಸರಿಮಾಡಿಕೊಳ್ಳಲೂ ಅನುಮತಿಗೆ ಅಲೆಯಬೇಕಾದ ಮನೆಯವನ ಮುಂದೆ ನಿಂತು ಪರಂಪರೆಯ ಭಾಷಣ ಮಾಡಿದರೆ ಅವನಿಗೆ ಆ ಪದವೇ ಕಹಿಯಾಗುತ್ತದೆ. ರಾಜಧಾನಿಯಲ್ಲಿ ಹುಟ್ಟಿದ ತಪ್ಪಿಗೆ ದಂಡ ಕಟ್ಟುತ್ತಿದ್ದೇವೆ ಎಂದು ಒಬ್ಬರು ನನಗೆ ಹೇಳಿದರು. ನಕ್ಕೇ ಹೇಳಿದರು, ಆದರೆ ನಗೆಯ ಮಾತಲ್ಲ. ತಿಂಗಳಿಗೊಂದು ದಿನ ಗ್ರಾಮ ಪಂಚಾಯಿತಿಯಲ್ಲೇ ಅಧಿಕಾರಿಯೊಬ್ಬರು ಕೂತು ರಿಪೇರಿ ಅರ್ಜಿಗಳನ್ನು ತುಂಬಿಸಿಕೊಂಡು, ಯಾವ ಅರ್ಜಿ ಎಲ್ಲಿದೆ ಎಂದು ಬಾಯಿಬಿಟ್ಟು ಹೇಳಿದರೆ ಎಷ್ಟೋ ಸಿಟ್ಟು ಇಳಿಯುತ್ತದೆ. ಹಳೆಯ ಹೆಂಚಿನ ಮನೆಯನ್ನು ಹಾಗೆಯೇ ಉಳಿಸಿಕೊಳ್ಳುವವರಿಗೆ ಸಹಾಯಧನ ಕೊಡಿ. ನಡೆದು ಬಂದವರಿಗೆ ಅಕ್ಕಿರೊಟ್ಟಿ, ಮಜ್ಜಿಗೆ ಕೊಡಲು ಮುಂದೆ ಬರುವ ಮನೆಗಳಿಗೆ ಪರವಾನಗಿಯ ಕಿರುಕುಳ ತಪ್ಪಿಸಿ. ಈಗ ಪ್ರವಾಸಿಗರಿಂದ ಊರೊಳಗಿನ ಓಣಿಗಳಿಗೆ ಬರುವುದು ಹಾರ್ನ್ ಸದ್ದು ಮಾತ್ರ.

ಹಿತ್ತಲಿನ ಕೆತ್ತನೆಯ ಕಲ್ಲುಗಳ ವಿಷಯದಲ್ಲಿ ಒಂದು ಎಚ್ಚರ. ಪೊಲೀಸರನ್ನು ಕರೆದುಕೊಂಡು ಹೋಗಿ ಪಟ್ಟಿ ಮಾಡಿದರೆ ಮಾರನೆಯ ದಿನ ಆ ಕಲ್ಲು ಅಲ್ಲಿರುವುದಿಲ್ಲ. ಶಾಲೆಯ ಮಕ್ಕಳ ಕೈಗೆ ಈ ಕೆಲಸ ಕೊಡಿ. ಯಾರ ಮನೆಯಲ್ಲಿ ಏನಿದೆ ಎಂದು ಮನೆಯವರ ಒಪ್ಪಿಗೆ ಪಡೆದು ಫೋಟೊ ತೆಗೆದು, ಅಳತೆ ಹಿಡಿದು, ವಹಿಯಲ್ಲಿ ಬರೆಯಲಿ. ಇಲ್ಲಿನ ಮ್ಯೂಸಿಯಮ್ಮಿನವರು ಅದನ್ನು ಪರಿಶೀಲಿಸಲಿ. ಅಜ್ಜ ಪಾಯ ತೋಡುವಾಗ ಸಿಕ್ಕಿದ್ದು ಎಂದು ಮನೆಯವರೇ ಹೆಮ್ಮೆಯಿಂದ ತೋರಿಸುತ್ತಾರೆ, ಹೆದರಿಸದಿದ್ದರೆ.

ನಮ್ಮ ಶಿಕ್ಷಕ ಬಂಧುಗಳಿಗೂ ಒಂದು ಮಾತು. ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸದ ಬಸ್ಸುಗಳು ಒಂದೇ ದಿನಕ್ಕೆ ಐದು ಊರು ಮುಗಿಸುತ್ತವೆ. ಮಕ್ಕಳಿಗೆ ಕೊನೆಗೆ ನೆನಪಿರುವುದು ಬಸ್ಸಿನಲ್ಲಿ ಹಾಡಿದ ಹಾಡು. ಒಂದು ವರ್ಷ ಹಳೇಬೀಡು ಒಂದಕ್ಕೇ ಬನ್ನಿ. ಬುತ್ತಿ ಕಟ್ಟಿಸಿಕೊಂಡು ಬನ್ನಿ. ಕೇದಾರೇಶ್ವರದ ಹತ್ತಿರ ಮರದ ನೆರಳಲ್ಲಿ ಊಟ ಮುಗಿಸಿ, ಎಲೆ ಪೇಪರು ಚೀಲಕ್ಕೆ ತುಂಬಿಕೊಂಡು, ಹುಳಿಕೆರೆಯವರೆಗೆ ಸಾಲಾಗಿ ನಡೆಸಿ. ಕಾಲು ನೋವು ಅಂತ ಗೊಣಗುತ್ತಾರೆ, ಗೊಣಗಲಿ.

ಕೊನೆಯದಾಗಿ, ಇದಕ್ಕೆ ಸಮಿತಿ ರಚಿಸಿ, ಕನ್ಸಲ್ಟೆಂಟ್ ನೇಮಿಸಿ, ಬೆಂಗಳೂರಿನಲ್ಲಿ ಪವರ್‌ಪಾಯಿಂಟ್ ತೋರಿಸುವ ಮೊದಲು ಒಂದು ಕೆಲಸ ಮಾಡಿ ಎಂದು ಬೇಡಿಕೊಳ್ಳುತ್ತೇನೆ. ಸಂಬಂಧಪಟ್ಟ ಅಧಿಕಾರಿಗಳೆಲ್ಲ ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ಹಳೇಬೀಡು ಬಸ್ ನಿಲ್ದಾಣಕ್ಕೆ ಬನ್ನಿ. ಜೀಪುಗಳನ್ನು ಅಲ್ಲೇ ಬಿಡಿ, ಟೋಪಿ ಮತ್ತು ನೀರಿನ ಬಾಟಲಿ ತನ್ನಿ. ನಾವು ನಾಲ್ಕಾರು ಜನ ನಡಿಗೆಯವರು ಜೊತೆಗಿರುತ್ತೇವೆ, ಊರಿನವರೂ ಬರುತ್ತಾರೆ. ಎಲ್ಲಿ ನೆರಳಿಲ್ಲ, ಎಲ್ಲಿ ಚರಂಡಿ ದಾಟಬೇಕು, ಎಲ್ಲಿ ದಾರಿ ತಪ್ಪುತ್ತದೆ, ಯಾವ ಮನೆಯವರಿಗೆ ಏನು ದೂರಿದೆ ಎಂಬುದೆಲ್ಲ ನಡೆಯುವಾಗಲೇ ಗುರುತು ಹಾಕಿಕೊಳ್ಳಬಹುದು. ಮಧ್ಯಾಹ್ನದ ಊಟದ ಹೊತ್ತಿಗೆ ಹುಳಿಕೆರೆ ತಲುಪುತ್ತೇವೆ. ಯಾವ ಭಾನುವಾರ ಎಂದು ತಿಳಿಸಿದರೆ ಅಡುಗೆಗೆ ಹೇಳಿಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಇತಿಹಾಸ ಮೇಷ್ಟ್ರು, ಹಾಸನ